ರಿಜಿಸ್ಟ್ರೇಷನ್ ಬರೋ ತನಕ ‘ಟೆಂಪರರಿ ಪರ್ಮಿಟ್’ ಮೇಲೆ ಡ್ಯೂಟಿ ಮಾಡಬಹುದಾ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ವಿಜಯಪುರ ಜಿಲ್ಲೆಯಾಕಿ. ಬಾಗಲಕೋಟೆಯಾಗ ಬಿಎಸ್ಸಿ ನರ್ಸಿಂಗ್ ಮುಗಿಸೀನಿ, ರಿಸಲ್ಟ್ ಬಂದು ಎರಡು ತಿಂಗಳಾತು, ಫಸ್ಟ್ ಕ್ಲಾಸ್ ಬಂದದ. ಕರ್ನಾಟಕ ನರ್ಸಿಂಗ್ ಕೌನ್ಸಿಲ್ಲಿಗೆ ಆನ್‌ಲೈನ್ ಅರ್ಜಿ ಹಾಕೀನಿ, ಇನ್ನೂ ರಿಜಿಸ್ಟ್ರೇಷನ್ ನಂಬರ್ ಬಂದಿಲ್ಲ. ಈಗ ಮುಂಬೈ ಹತ್ರ ಡೊಂಬಿವಲಿಯಾಗ ಸೋದರಮಾವನ ಮನ್ಯಾಗ ಇದ್ದೀನಿ. ಇಲ್ಲೇ ಹತ್ರದ ಒಂದು ನರ್ಸಿಂಗ್ ಹೋಮ್‌ನವರು ಸೋಮವಾರದಿಂದಾನೇ ಸ್ಟಾಫ್ ನರ್ಸ್ ಅಂತ ಬಾ, 13 ಸಾವಿರ ಕೊಡ್ತೀವಿ, ರಿಜಿಸ್ಟ್ರೇಷನ್ ಬರೋತನಕ ಟೆಂಪರರಿ ಪರ್ಮಿಟ್ ಮ್ಯಾಲೆ ನಡೀತದ ಅಂದ್ರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಅವರ ಹತ್ರ ಇಡಬೇಕಂತ, ಎರಡು ವರ್ಷದ ಬಾಂಡ್ ಬರಕೊಡಬೇಕಂತ. ಇನ್ನೊಂದು, ಠಾಣೆ ಊರಾಗ ಒಬ್ಬ ಏಜೆಂಟ್ ಸಿಕ್ಕಿದ್ದ, ಅಮೆರಿಕಾದಾಗ ಹೊಸಾ ನರ್ಸ್‌ಗಳಿಗೆ ಪರೀಕ್ಷೆ ಬರಿಯೋಕಿಂತ ಮುಂಚೇನೇ ಟೆಂಪರರಿ ಪರ್ಮಿಟ್ ಕೊಡ್ತಾರ, ಎರಡೂವರೆ ಲಕ್ಷ ಕೊಟ್ರ ಮಾಡಿಸ್ತೀನಿ ಅಂತಾನ. ಅಪ್ಪ ಫೀಸಿಗೆ ಸಾಲ ಮಾಡ್ಯಾರ, ಮನ್ಯಾಗ ಖಾಲಿ ಕುಂದ್ರಾಕ ಆಗವಲ್ದು. ಇವರ ಮಾತು ಖರೇನಾ? ನಾ ಏನ್ ಮಾಡ್ಲಿ?

ಉತ್ತರ:

ತಂಗೀ, ನಿನ್ನ ಪತ್ರ ಎರಡು ಸಲ ಓದ್ದೆ. ಫಸ್ಟ್ ಕ್ಲಾಸ್ ಬಂದು ಎರಡು ತಿಂಗಳಿಂದ ಮಾವನ ಮನೇಲಿ ಕೂತು ದಿನಾ ಕೌನ್ಸಿಲ್ ವೆಬ್‌ಸೈಟ್ ತೆಗೆದು ನೋಡೋ ಸಂಕಟ ಏನು ಅಂತ ನನಗೆ ಗೊತ್ತು. ನಾನು ಮುಂಬೈ ಆಸ್ಪತ್ರೆಗಳಲ್ಲಿ 31 ವರ್ಷ ಇದ್ದೆ, ಮೊದಲು ವಾರ್ಡ್ ಸಿಸ್ಟರ್ ಆಗಿ, ಆಮೇಲೆ ಹೊಸ ಹುಡುಗಿಯರನ್ನ ಕೆಲಸಕ್ಕೆ ತಗೊಳ್ಳೋ ಜಾಗದಲ್ಲಿ. ನಿನ್ನ ಥರದ ಹುಡುಗೀರು ಪ್ರತಿ ವರ್ಷ ಬರ್ತಿದ್ರು, ಕಲಬುರಗಿ, ಬೀದರ್, ಬೆಳಗಾವಿ, ಹಾವೇರಿ ಕಡೆಯಿಂದ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಎಲ್ಲಾ ಕಾಗದ ಇರೋದು, ಬೇಕಾದ ಒಂದು ಕಾಗದ ಮಾತ್ರ ಇರ್ತಿರ್ಲಿಲ್ಲ.

ನೀನು ಕೇಳಿರೋದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿದೆ. ಎರಡಕ್ಕೂ ‘ಟೆಂಪರರಿ ಪರ್ಮಿಟ್’ ಅಂತ ಒಂದೇ ಹೆಸರು ಇಟ್ಟಿದಾರೆ, ಅದಕ್ಕೇ ಗೊಂದಲ. ಡೊಂಬಿವಲಿಯವರು ಹೇಳ್ತಿರೋದು ಒಂದು, ಠಾಣೆ ಏಜೆಂಟ್ ಹೇಳ್ತಿರೋದು ಇನ್ನೊಂದು. ಮೊದಲನೇದು ಇಲ್ಲವೇ ಇಲ್ಲ. ಎರಡನೇದು ಇದೆ, ಆದರೆ ನಿನಗೆ ಸಿಗಲ್ಲ.

ಡೊಂಬಿವಲಿದು ಮೊದಲು ನೋಡೋಣ. ನರ್ಸ್ ಆಗಿ ಕೆಲಸ ಮಾಡೋಕೆ ಅನುಮತಿ ಕೊಡೋದು ರಾಜ್ಯದ ನರ್ಸಿಂಗ್ ಕೌನ್ಸಿಲ್, ಇಲ್ಲಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್, 1966ರ ಮಹಾರಾಷ್ಟ್ರ ನರ್ಸಸ್ ಆಕ್ಟ್ ಕೆಳಗೆ. ಆಸ್ಪತ್ರೆ ಮಾಲೀಕರಿಗಾಗ್ಲಿ ಅಲ್ಲಿನ ಡಾಕ್ಟರ್‌ಗಾಗ್ಲಿ ಯಾರಿಗೂ ನರ್ಸಿಂಗ್ ಪರ್ಮಿಟ್ ಕೊಡೋ ಅಧಿಕಾರ ಇಲ್ಲ. ಆದ್ದರಿಂದ ಅವರು ಪರ್ಮಿಟ್ ಅಂದಾಗ ನೀನು ಮೆಲ್ಲಗೆ ಒಂದೇ ಮಾತು ಕೇಳು, ಸರ್, ಅದು ಯಾವ ಕೌನ್ಸಿಲ್‌ದು, ಅದರ ಮೇಲೆ ನನ್ನ ಹೆಸರು ನಂಬರ್ ಇರುತ್ತಾ, ಒಂದು ಕಾಪಿ ಕೊಡ್ತೀರಾ ಅಂತ. ಏನೂ ಬರಲ್ಲ, ಯಾಕಂದ್ರೆ ಅವರ ಹತ್ರ ಇರೋದು ಬರೀ ಬಾಯಿಮಾತು. ಬಹಳ ಆದ್ರೆ ಆಸ್ಪತ್ರೆ ಲೆಟರ್‌ಹೆಡ್ ಮೇಲೆ ಬರೆದ ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಾರು, ಅದು ಕೆಲಸದ ಕಾಗದ, ಲೈಸೆನ್ಸ್ ಆಗಲ್ಲ.

ಹಾಗಾದ್ರೆ ಈ ಮಾತು ಬಂದದ್ದಾದ್ರೂ ಎಲ್ಲಿಂದ? ಅಮೆರಿಕದಿಂದ. ಇದರ ಕಥೆ ಸ್ವಲ್ಪ ಉದ್ದ, ಆದರೆ ಇದು ತಿಳಿದ್ರೆ ಏಜೆಂಟ್ ಎಲ್ಲಿ ಸುಳ್ಳು ಸೇರಿಸಿದಾನೆ ಅಂತ ನಿನಗೇ ಗೊತ್ತಾಗುತ್ತೆ. ಅಲ್ಲಿ ನರ್ಸಿಂಗ್ ಕಾಲೇಜು ಪಾಸಾದ ಮಾತ್ರಕ್ಕೆ ನರ್ಸ್ ಆಗಲ್ಲ, ಆಮೇಲೆ ಎನ್‌ಕ್ಲೆಕ್ಸ್ ಅಂತ ಲೈಸೆನ್ಸ್ ಪರೀಕ್ಷೆ ಪಾಸಾಗ್ಬೇಕು. ಹಿಂದೆ ಅದು ಪೇಪರ್ ಪೆನ್ಸಿಲ್ ಪರೀಕ್ಷೆ, ವರ್ಷಕ್ಕೆ ಎರಡೇ ಸಲ ನಡೀತಿತ್ತು, ಬರೆದ ಮೇಲೂ ರಿಸಲ್ಟ್‌ಗೆ ವಾರಗಟ್ಟಲೆ ಕಾಯಬೇಕಿತ್ತು. ಮೇ ತಿಂಗಳಲ್ಲಿ ಕಾಲೇಜು ಮುಗಿಸಿದ ಹುಡುಗಿ ಜುಲೈ ತನಕ ಪರೀಕ್ಷೆಗೆ ಕಾಯ್ಬೇಕು, ಆಮೇಲೆ ರಿಸಲ್ಟ್‌ಗೆ ಕಾಯ್ಬೇಕು, ಅಷ್ಟರಲ್ಲಿ ಕಲಿತ ಕೈ ತಣ್ಣಗಾಗುತ್ತೆ, ಆಸ್ಪತ್ರೆಗೂ ಜನ ಬೇಕು. ಆ ಖಾಲಿ ತಿಂಗಳುಗಳನ್ನ ದಾಟೋಕೆ ಅಂತ ಅಲ್ಲಿನ ರಾಜ್ಯಗಳು ಟೆಂಪರರಿ ಪರ್ಮಿಟ್ ಅಂತ ಮಾಡಿದ್ವು. 1994ರಲ್ಲಿ ಪರೀಕ್ಷೆ ಕಂಪ್ಯೂಟರಿಗೆ ಬಂತು, ವರ್ಷದಲ್ಲಿ ಯಾವಾಗ ಬೇಕಾದ್ರೂ ಬರೀಬಹುದು ಅಂತಾಯ್ತು, ಈಗಂತೂ ಅಲ್ಲಿನ ಬಹಳ ರಾಜ್ಯಗಳಲ್ಲಿ ಬರೆದ ಎರಡು ವರ್ಕಿಂಗ್ ಡೇ ಒಳಗೆ ಪಾಸಾ ಫೇಲಾ ಅಂತ ಗೊತ್ತಾಗ್ಬಿಡುತ್ತೆ. ಹಾಗಾಗಿ ಕೆಲವು ರಾಜ್ಯಗಳು ಆ ಪರ್ಮಿಟ್ಟನ್ನ ಕೈಬಿಟ್ವು, ಕೆಲವು ಇನ್ನೂ ಇಟ್ಕೊಂಡಿವೆ.

ಇಟ್ಕೊಂಡಿರೋ ಕಡೆನೂ ಅದಕ್ಕೆ ಎಷ್ಟು ಕಟ್ಟುಪಾಡು ಇದೆ ನೋಡು. ನ್ಯೂಯಾರ್ಕ್‌ನಲ್ಲಿ ಅದರ ಹೆಸರು ಲಿಮಿಟೆಡ್ ಪರ್ಮಿಟ್, ಹೆಚ್ಚಂದ್ರೆ ಒಂದು ವರ್ಷ, ಪರೀಕ್ಷೆ ಫೇಲ್ ಅಂತ ತಿಳಿಸಿದ ಹತ್ತು ದಿನಕ್ಕೆ ಮುಗೀತು, ಆ ಪರ್ಮಿಟ್ ಇರೋ ತನಕ ಲೈಸೆನ್ಸ್ ಇರೋ ನರ್ಸ್ ಅದೇ ಯೂನಿಟ್‌ನಲ್ಲಿ ಇದ್ದು ಮೇಲ್ವಿಚಾರಣೆ ಮಾಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಟೆರಿಮ್ ಪರ್ಮಿಟ್ ಅಂತಾರೆ, ಆರು ತಿಂಗಳು, ರಿನ್ಯೂ ಆಗಲ್ಲ, ಫೇಲಾದ್ರೆ ಅಲ್ಲಿಗೇ ರದ್ದು. ಟೆಕ್ಸಾಸ್‌ನಲ್ಲಿ ಇನ್ನೂ ಕಮ್ಮಿ, 75 ದಿನ, ಮೊದಲನೇ ಸಲ ಪರೀಕ್ಷೆ ಬರೆಯೋವ್ರಿಗೆ ಮಾತ್ರ. ಆ ಹುಡುಗಿ ಇಂಚಾರ್ಜ್ ಆಗೋ ಹಾಗಿಲ್ಲ, ಒಬ್ಬಳೇ ವಾರ್ಡ್ ನೋಡ್ಕೊಳ್ಳೋ ಹಾಗಿಲ್ಲ. ಅಂದ್ರೆ ಪರ್ಮಿಟ್ ಇದ್ರೆ ಅದರ ಹಿಂದೆ ಪರೀಕ್ಷೆಯ ತಾರೀಖು ಒಂದು ಇರುತ್ತೆ, ಪಕ್ಕದಲ್ಲಿ ಹಿರಿಯ ನರ್ಸ್ ಒಬ್ಬರು ಇರ್ತಾರೆ. ಇವೆರಡು ತೆಗೆದ್ರೆ ಆ ಪರ್ಮಿಟ್ಟಿಗೆ ಅರ್ಥವೇ ಇಲ್ಲ. ಡೊಂಬಿವಲಿಯಲ್ಲಿ ನಿನಗೆ ಪರೀಕ್ಷೆನೂ ಇಲ್ಲ, ರಾತ್ರಿ ಪಾಳಿಯಲ್ಲಿ ಪಕ್ಕದಲ್ಲಿ ನಿಲ್ಲೋ ಹಿರಿಯಳೂ ಇರಲ್ಲ, ಇದನ್ನ ನಾನು ಬರೆದು ಕೊಡ್ತೀನಿ.

ನಮ್ಮಲ್ಲಿ ಈ ವ್ಯವಸ್ಥೆ ಯಾಕೆ ಇಲ್ಲ ಅಂತಲೂ ಹೇಳ್ಬೇಕು. ನಮ್ಮಲ್ಲಿ ಲೈಸೆನ್ಸ್ ಪರೀಕ್ಷೆ ಅಂತ ಬೇರೆ ಇಲ್ಲ. ರಾಜೀವ್ ಗಾಂಧಿ ಯೂನಿವರ್ಸಿಟಿ ಫೈನಲ್ ಪರೀಕ್ಷೆ ಪಾಸಾದ್ರೆ ವಿದ್ಯೆ ಮುಗೀತು, ಆಮೇಲೆ ಕೌನ್ಸಿಲ್ ಮಾಡೋದು ಕಾಗದ ಪರಿಶೀಲನೆ. ನಿನ್ನ ಅಮೆರಿಕದ ಓರಗೆಯವಳು ಪರೀಕ್ಷೆಗೆ ಕಾಯ್ತಾಳೆ, ನೀನು ಫೈಲಿಗೆ ಕಾಯ್ತೀಯ. ಫೈಲು ಒಂದು ವಾರದ್ದು ಅಂತ ಎಲ್ಲರೂ ಅಂದ್ಕೊಂಡಿದಾರೆ, ತಿಂಗಳುಗಟ್ಟಲೆ ಆಗುತ್ತೆ ಅನ್ನೋದನ್ನ ಲೆಕ್ಕಕ್ಕೆ ತಗೊಂಡು ಯಾರೂ ಸೇತುವೆ ಕಟ್ಟಿಲ್ಲ. ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ, ಪಾಸಾದ ಹುಡುಗಿಗೆ ಮೇಲ್ವಿಚಾರಣೆಯಲ್ಲಿ ಮೂರು ತಿಂಗಳು ಕೆಲಸ ಮಾಡೋಕೆ ಕೌನ್ಸಿಲ್‌ನದೇ ಒಂದು ಚೀಟಿ ಸಿಕ್ಕಿದ್ರೆ ಈ ನರ್ಸಿಂಗ್ ಹೋಮ್‌ಗಳ ಆಟ ಅರ್ಧ ನಿಲ್ಲುತ್ತೆ. ಕೋವಿಡ್‌ನಲ್ಲಿ ಬಾಗಿಲು ಸ್ವಲ್ಪ ತೆರೆದಿದ್ರು, 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬಿಎಸ್ಸಿ ನರ್ಸಿಂಗ್, ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಆದವರನ್ನ ಹಿರಿಯ ಡಾಕ್ಟರ್ ಮತ್ತು ನರ್ಸ್‌ಗಳ ಮೇಲ್ವಿಚಾರಣೆಯಲ್ಲಿ ಪೂರ್ತಿ ಕೋವಿಡ್ ಡ್ಯೂಟಿಗೆ ಹಾಕ್ಕೋಬಹುದು ಅಂತು, ನೂರು ದಿನ ಮಾಡಿದವರಿಗೆ ಮುಂದೆ ಸರ್ಕಾರಿ ನೇಮಕದಲ್ಲಿ ಆದ್ಯತೆ ಅಂತಲೂ ಅಂತು. ಅದು ಆ ಹೊತ್ತಿನ ತುರ್ತಿಗೆ ಮಾಡಿದ್ದು. ಈಗಲೂ ಕೆಲವರು ‘ಕೋವಿಡ್ ಟೈಮಲ್ಲಿ ನಡೀತಿತ್ತಲ್ಲ’ ಅಂತ ಅದನ್ನೇ ಹಿಡ್ಕೊಂಡು ಮಾತಾಡ್ತಾರೆ, ಅದಕ್ಕೆ ಕಿವಿಗೊಡಬೇಡ.

ಸರಿ, ಪರ್ಮಿಟ್ ಇಲ್ಲ ಅಂತಾಯ್ತು. ಆದ್ರೂ ಬಹಳ ಜನ ಹಂಗೇ ಮಾಡ್ತಿದಾರಲ್ಲ ಮೇಡಂ, ಏನಾಗುತ್ತೆ ಅಂತ ನೀನು ಕೇಳ್ತೀಯ. ಹೌದು, ಮಾಡ್ತಿದಾರೆ, ನಾನು ಕಣ್ಣಾರೆ ನೋಡಿದೀನಿ, ಮುಂಬೈ ಅಂತಲ್ಲ, ಪುಣೆ ಪಿಂಪ್ರಿ ಕಡೆನೂ ಇದೆ. ಏನೂ ಆಗದೆ ಆರು ತಿಂಗಳು ಕಳೆದವರು ಬೇಕಾದಷ್ಟು ಜನ. ಆದರೆ ಏನಾದ್ರೂ ಆದಾಗ ಏನಾಗುತ್ತೆ ಅನ್ನೋದು ಒಂದು ಹೇಳ್ತೀನಿ.

ಬಹಳ ವರ್ಷದ ಹಿಂದೆ, ನಾನಿದ್ದ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ನಮ್ಮ ಕಡೆಯವಳೇ ಒಬ್ಬ ಹುಡುಗಿ ಇನ್ನೂ ನಂಬರ್ ಬರದೆ ರಾತ್ರಿ ಪಾಳಿ ಮಾಡ್ತಿದ್ಲು. ಮೆಡಿಕಲ್ ವಾರ್ಡ್, 22 ಹಾಸಿಗೆ, ಇವಳು ಮತ್ತು ಒಬ್ಬ ಆಯಾ. ಪೊಟ್ಯಾಸಿಯಂ ಡ್ರಿಪ್‌ನಲ್ಲಿ ಹಾಕಿ ನಿಧಾನಕ್ಕೆ ಕೊಡ್ಬೇಕಾದ್ದು, ಇವಳು ಫೋನಲ್ಲಿ ಹೇಳಿದ ಆರ್ಡರ್ ತಪ್ಪಾಗಿ ಕೇಳಿಸ್ಕೊಂಡು ನೇರ ಕೊಡೋಕೆ ಸಿರಿಂಜ್ ತುಂಬಿಸಿದ್ಲು. ನಾನು ರೌಂಡ್‌ಗೆ ಬಂದೆ, ಟ್ರೇ ಮೇಲೆ ಆಂಪುಲ್ ನೋಡಿ ಕೈ ಹಿಡಿದೆ. ರೋಗಿ ಉಳಿದ್ರು, ದೇವರ ದಯೆ. ಮಾರನೇ ದಿನ ವಿಚಾರಣೆ ಆಯ್ತು, ಆಗ ಆಡಳಿತದವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ, ‘ಅವಳು ನಮ್ಮ ಸ್ಟಾಫ್ ನರ್ಸೇ ಅಲ್ಲ, ಟ್ರೇನಿ, ಇಂಜೆಕ್ಷನ್ ಕೊಡು ಅಂತ ನಾವು ಹೇಳೇ ಇಲ್ಲ’ ಅಂದ್ರು. ಸ್ಟಾಫ್ ಅಂತ ಹೇಳಿ ಕರ್ಕೊಂಡವರು ಅವರೇ, ಡ್ಯೂಟಿ ರೋಸ್ಟರ್‌ನಲ್ಲಿ ಸ್ಟಾಫ್ ಅಂತ ಬರೆದವರೂ ಅವರೇ. ಇಂಜೆಕ್ಷನ್ ಪುಸ್ತಕದಲ್ಲಿ ನಾಲ್ಕು ತಿಂಗಳಿಂದ ಅವಳ ಸಹಿ ಇತ್ತು, ಪ್ರತಿ ಸಹಿನೂ ಅವಳ ವಿರುದ್ಧವೇ ನಿಂತ್ಕೊಂತು. ಕೆಲಸ ಹೋಯ್ತು, ಆ ನಾಲ್ಕು ತಿಂಗಳ ಲೆಟರ್ ಕೂಡ ಕೊಡಲಿಲ್ಲ. ಆ ಹುಡುಗಿ ಅಡುಗೆಮನೆ ಮೂಲೇಲಿ ಕೂತು ಅತ್ತಿದ್ದು ನನಗೆ ಮರೆಯಲ್ಲ. ಅವಳನ್ನ ಆ ಪಾಳಿಗೆ ಹಾಕ್ಬೇಡಿ ಅಂತ ನಾನು ಮೊದಲೇ ಗಟ್ಟಿಯಾಗಿ ಹೇಳ್ಬೇಕಿತ್ತು.

ರೋಗಿಗೆ ಅವತ್ತು ಹೆಚ್ಚುಕಮ್ಮಿ ಆಗಿದ್ರೆ ಪೊಲೀಸ್ ಕೇಸು. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದ್ರೆ 5 ವರ್ಷದ ತನಕ ಶಿಕ್ಷೆ, ರಿಜಿಸ್ಟರ್ಡ್ ಡಾಕ್ಟರ್ ಚಿಕಿತ್ಸೆ ಮಾಡ್ವಾಗ ಆಗಿದ್ರೆ ಅದು 2 ವರ್ಷದ ತನಕ. ಆ ರಿಯಾಯಿತಿ ಡಾಕ್ಟರ್‌ಗೆ ಮಾತ್ರ, ನರ್ಸ್‌ಗೆ ಇಲ್ಲ, ರಿಜಿಸ್ಟ್ರೇಷನ್ನೇ ಇಲ್ಲದವಳ ಪರವಾಗಿ ವಕೀಲರು ಏನು ವಾದ ಮಾಡ್ತಾರೆ ಹೇಳು. ನಿನ್ನನ್ನ ಹೆದರಿಸೋಕೆ ಇದನ್ನ ಬರೀತಿಲ್ಲ, ಆ 13 ಸಾವಿರದಲ್ಲಿ ನಿನ್ನ ಹತ್ರ ಏನೇನು ಕೊಂಡ್ಕೊಳ್ತಿದಾರೆ ಅಂತ ನಿನಗೆ ಗೊತ್ತಿರ್ಲಿ ಅಂತ.

ಅವರಿಗೆ ನಿನ್ನಿಂದ ಲಾಭ ಏನು ಅಂತಲೂ ತಿಳ್ಕೋ. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್ ನಡೆಸೋಕೆ 1949ರಿಂದ ಒಂದು ರಿಜಿಸ್ಟ್ರೇಷನ್ ಕಾಯ್ದೆ ಇದೆ, ಅದರಲ್ಲಿ ಕೆಲಸದವರ ಪೈಕಿ ಸಾಕಷ್ಟು ಜನ ಕ್ವಾಲಿಫೈಡ್ ನರ್ಸ್‌ಗಳೇ ಇರ್ಬೇಕು ಅಂತ ಇದೆ. ರಿಜಿಸ್ಟ್ರೇಷನ್ ಇರೋ ನರ್ಸ್‌ಗೆ ಸರಿಯಾದ ಸಂಬಳ ಕೊಡ್ಬೇಕು, ಅವಳು ಆರು ತಿಂಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗ್ಬಿಡ್ತಾಳೆ. ನಿನ್ನಂಥವಳು ಸಿಕ್ಕಿದ್ರೆ ಕೆಲಸ ಪೂರ್ತಿ, ಸಂಬಳ ಕಮ್ಮಿ, ಕಾಗದ ಅವರ ಬೀರುವಿನಲ್ಲಿ, ಎಲ್ಲೂ ಹೋಗೋಕಾಗಲ್ಲ. ಸಂಬಳದ ಮಾತು ಬಂತು ಅಂತ ಹೇಳ್ತೀನಿ, ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು, 50 ಹಾಸಿಗೆಗಿಂತ ಕಮ್ಮಿ ಇರೋ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರಕ್ಕಿಂತ ಕಮ್ಮಿ ಕೊಡಬಾರದು ಅಂತ ಆ ಸಮಿತಿ ಶಿಫಾರಸು ಮಾಡ್ತು. ಶಿಫಾರಸು ಅಷ್ಟೇ, ಬಹಳ ಕಡೆ ಜಾರಿ ಆಗಿಲ್ಲ, ಆದರೂ 13 ಸಾವಿರ ಅನ್ನೋವಾಗ ನಿನ್ನ ತಲೇಲಿ ಆ 20 ಇರ್ಲಿ.

ಈಗ ಎಕ್ಸ್‌ಪೀರಿಯೆನ್ಸ್ ವಿಷಯ. ನೀನು ಕೇಳಿಲ್ಲ, ಆದರೆ ಎಲ್ಲರೂ ಮೋಸ ಹೋಗೋದು ಇಲ್ಲೇ. ಸಂಬಳ ಕಮ್ಮಿ ಆದ್ರೂ ಎಕ್ಸ್‌ಪೀರಿಯೆನ್ಸ್ ಸಿಗುತ್ತಲ್ಲ ಅಂತಾರೆ. ಸಿಗಲ್ಲಮ್ಮ. ಗಲ್ಫ್‌ಗೆ ಹೋಗ್ವಾಗ ಡೇಟಾಫ್ಲೋ ಅಂತ ಒಂದು ಪರಿಶೀಲನೆ ಆಗುತ್ತೆ, ನಿನ್ನ ಡಿಗ್ರಿ, ಕೌನ್ಸಿಲ್ ರಿಜಿಸ್ಟ್ರೇಷನ್, ಎಕ್ಸ್‌ಪೀರಿಯೆನ್ಸ್ ಲೆಟರ್ ಎಲ್ಲ ಮೂಲದಿಂದಲೇ ತರಿಸಿ ತಾರೀಖು ಹೋಲಿಸ್ತಾರೆ, ರಿಜಿಸ್ಟ್ರೇಷನ್ ತಾರೀಖಿಗಿಂತ ಹಿಂದಿನ ಕೆಲಸ ಲೆಕ್ಕಕ್ಕೆ ಹಿಡಿಯಲ್ಲ, ಅಷ್ಟೇ ಆದ್ರೆ ಪರವಾಗಿಲ್ಲ, ರಿಜಿಸ್ಟ್ರೇಷನ್ ಇಲ್ಲದೆ ಸ್ಟಾಫ್ ನರ್ಸ್ ಆಗಿ ಹೇಗೆ ಕೆಲಸ ಮಾಡಿದೆ ಅನ್ನೋ ಪ್ರಶ್ನೆ ಬೇರೆ ಬರುತ್ತೆ. ನನ್ನದೇ ಉದಾಹರಣೆ, ನಾನು ಚಿಕ್ಕವಳಿದ್ದಾಗ ಹೀಗೇ ಐದು ತಿಂಗಳು ಮಾಡಿದ್ದೆ, ಮುಂದೆ ಮಸ್ಕತ್‌ಗೆ ಅರ್ಜಿ ಹಾಕಿದಾಗ ಅದನ್ನ ತೆಗೆದ್ಬಿಟ್ರು, ಬೇಕಾಗಿದ್ದ ಎರಡು ವರ್ಷಕ್ಕೆ ಅಷ್ಟೇ ಕಮ್ಮಿ ಬಿತ್ತು, ಆ ಸಲದ ಅವಕಾಶ ಹೋಯ್ತು. ಹಾಗೇ ಎಂಟನೇ ಸೆಮಿಸ್ಟರ್ ಇಂಟರ್ನ್‌ಶಿಪ್ಪನ್ನೂ ಕೆಲವರು ಎಕ್ಸ್‌ಪೀರಿಯೆನ್ಸ್ ಅಂತ ಬರೀತಾರೆ, ಅದು ಕೋರ್ಸಿನ ಭಾಗ, ಕೆಲಸದ ಅನುಭವ ಅಂತ ಹಿಡಿಯಲ್ಲ. ಏಮ್ಸ್ ಆಸ್ಪತ್ರೆಗಳಿಗೆ ನರ್ಸ್ ತಗೊಳ್ಳೋ ನಾರ್ಸೆಟ್ ಪರೀಕ್ಷೆಗೂ ರಿಜಿಸ್ಟ್ರೇಷನ್ ಕೇಳ್ತಾರೆ, ಅದಿಲ್ಲದೆ ಅರ್ಜಿ ಹಾಕಿ ಕಾಯ್ಕೊಂಡು ಕೂತವರನ್ನ ನೋಡಿದೀನಿ.

ಇನ್ನು ಠಾಣೆ ಏಜೆಂಟ್. ಅಮೆರಿಕದಲ್ಲಿ ಪರ್ಮಿಟ್ ಇದೆ ಅಂತ ಅವನು ಹೇಳಿದ್ದು ಸುಳ್ಳಲ್ಲ. ಅದು ನಿನಗೆ ಸಿಗುತ್ತೆ ಅಂದದ್ದು ಸುಳ್ಳು. ಒಂದು, ಆ ಪರ್ಮಿಟ್ ರಾಜ್ಯದ ನರ್ಸಿಂಗ್ ಬೋರ್ಡ್ ಕೊಡೋದು, ಅದು ವೀಸಾ ಅಲ್ಲ, ಅದನ್ನ ತೋರಿಸಿದ್ರೆ ವಿಮಾನ ಹತ್ತೋಕಾಗಲ್ಲ. ಇನ್ನೊಂದು, ಭಾರತದಿಂದ ಹೋಗೋ ನರ್ಸ್‌ಗಳು ಸಾಮಾನ್ಯವಾಗಿ ಇಬಿ-3 ಅನ್ನೋ ಗ್ರೀನ್ ಕಾರ್ಡ್ ದಾರೀಲಿ ಹೋಗ್ತಾರೆ. ಅಲ್ಲಿ ಅರ್ಜಿ ಹಾಕೋ ಹೊತ್ತಿಗೇ ಹೊರದೇಶದಲ್ಲಿ ಓದಿದ ನರ್ಸ್‌ಗಳ ಅರ್ಹತೆ ನೋಡೋ ಸಿಜಿಎಫ್‌ಎನ್‌ಎಸ್ ಸರ್ಟಿಫಿಕೇಟ್ ಆಗ್ಲಿ, ಎನ್‌ಕ್ಲೆಕ್ಸ್ ಪಾಸಾದ ದಾಖಲೆ ಆಗ್ಲಿ, ಹೋಗೋ ರಾಜ್ಯದ ಪೂರ್ತಿ ಲೈಸೆನ್ಸ್ ಆಗ್ಲಿ ಒಂದು ತೋರಿಸ್ಬೇಕು. ಅದರ ಮೇಲೆ ವೀಸಾಸ್ಕ್ರೀನ್ ಅಂತ ಇನ್ನೊಂದು ಸರ್ಟಿಫಿಕೇಟ್, 1996ರ ಕಾನೂನಿನಿಂದ ಬಂದದ್ದು, ಇಂಗ್ಲಿಷ್ ಪರೀಕ್ಷೆನೂ ಅದರಲ್ಲೇ ಬರುತ್ತೆ. ಅಂದ್ರೆ ಪರೀಕ್ಷೆ ಮೊದಲು, ಪ್ರಯಾಣ ಆಮೇಲೆ. ಮೊದಲು ಹೋಗಿ ಆಮೇಲೆ ಪರೀಕ್ಷೆ ಅನ್ನೋ ದಾರಿ ಅಲ್ಲೇ ಓದಿದವರದ್ದು. ಅವನು ನಿನಗೆ ಹೇಳದೇ ಇರೋ ಮಾತು ಇನ್ನೊಂದಿದೆ, ಭಾರತದಲ್ಲಿ ಹುಟ್ಟಿದವರಿಗೆ ಆ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕಿಂತ ಉದ್ದ ಇದೆ.

ಅಮೆರಿಕ ಆಸೆ ಬಿಡು ಅಂತ ನಾನು ಹೇಳಲ್ಲ. ಎನ್‌ಕ್ಲೆಕ್ಸ್ ಬರಿಯೋಕೆ ಅಲ್ಲಿಗೆ ಹೋಗ್ಬೇಕಿಲ್ಲ, ಮುಂಬೈಯಲ್ಲೇ ಸೆಂಟರ್ ಇದೆ, ಬೆಂಗಳೂರಲ್ಲೂ ಇದೆ. ಪರೀಕ್ಷೆ ಫೀಸು 200 ಡಾಲರ್, ಅಮೆರಿಕದ ಹೊರಗೆ ಬರೆಯೋಕೆ ಮೇಲೆ 150 ಡಾಲರ್ ಮತ್ತು ಟ್ಯಾಕ್ಸ್, ರಾಜ್ಯದ ಬೋರ್ಡ್‌ಗೂ ದಾಖಲೆ ಪರಿಶೀಲನೆಗೂ ಬೇರೆ ಖರ್ಚು ಇದೆ. 2023ರ ಏಪ್ರಿಲ್‌ನಿಂದ ಹೊಸ ಮಾದರಿ ಬಂದಿದೆ, ಒಂದು ರೋಗಿಯ ಪೂರ್ತಿ ಕೇಸ್ ಕೊಟ್ಟು ಏನ್ ಮಾಡ್ತೀಯ ಅಂತ ಹಂತಹಂತವಾಗಿ ಕೇಳ್ತಾರೆ, 85ರಿಂದ 150 ಪ್ರಶ್ನೆ, ಐದು ಗಂಟೆ, ಫೇಲಾದ್ರೆ 45 ದಿನ ಬಿಟ್ಟು ಮತ್ತೆ ಬರೀಬಹುದು. ಇದಕ್ಕೆ ವಾರ್ಡಿನ ಅನುಭವ ಇದ್ದವರು ಚೆನ್ನಾಗಿ ಬರೀತಾರೆ, ಹಾಗಾಗಿ ಎರಡು ವರ್ಷ ಒಳ್ಳೆ ಆಸ್ಪತ್ರೆಯಲ್ಲಿ ದುಡಿದು ಆಮೇಲೆ ಕೂತ್ಕೋ ಅಂತ ನನ್ನ ಸಲಹೆ. ಇಂಗ್ಲೆಂಡ್ ದಾರಿ ಬೇರೆ ಥರ, ಅಲ್ಲಿ ಇಲ್ಲಿಂದಲೇ ಕಂಪ್ಯೂಟರ್ ಪರೀಕ್ಷೆ ಪಾಸಾಗಿ ಹೋದ್ಮೇಲೆ ಓಎಸ್‌ಸಿಇ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತೆ, ಕೆಲಸಕ್ಕೆ ಸೇರಿದ ಮೂರು ತಿಂಗಳೊಳಗೆ ಮೊದಲ ಸಲ ಬರೀಬೇಕು, ಪಾಸಾಗಿ ಪಿನ್ ಅನ್ನೋ ಅಲ್ಲಿನ ರಿಜಿಸ್ಟ್ರೇಷನ್ ನಂಬರ್ ಬರೋ ತನಕ ನರ್ಸ್ ಅಂತ ಕರೆಯಲ್ಲ, ಮೇಲ್ವಿಚಾರಣೆಯಲ್ಲಿ ಕೆಳಗಿನ ಹುದ್ದೆಯಲ್ಲಿ ಇಟ್ಕೊಳ್ತಾರೆ. ಕಾಯೋ ಕಾಲದ ಕೆಲಸ ಅಂದ್ರೆ ಹೀಗಿರ್ಬೇಕು, ಹೆಸರು ಬೇರೆ, ಕೆಲಸದ ಮಿತಿ ಬೇರೆ, ಎಲ್ಲಾ ಬರಹದಲ್ಲಿ.

ಏಜೆಂಟ್ ಬಗ್ಗೆ ಕೊನೇ ಮಾತು. ಹೊರದೇಶಕ್ಕೆ ಕೆಲಸಕ್ಕೆ ಕಳಿಸೋವ್ರಿಗೆ ಕೇಂದ್ರದ ವಿದೇಶಾಂಗ ಸಚಿವಾಲಯದ ಲೈಸೆನ್ಸ್ ಇರ್ಬೇಕು, ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವನ ಹೆಸರು ಹುಡುಕು. ಲೈಸೆನ್ಸ್ ಇದ್ರೂ ಕೆಲಸಕ್ಕೆ ಹೋಗೋವ್ರಿಂದ ಸರ್ವಿಸ್ ಚಾರ್ಜ್ ಅಂತ 30 ಸಾವಿರ ಮತ್ತು ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ಅದಕ್ಕೂ ರಸೀದಿ ಕೊಡ್ಬೇಕು. ಎರಡೂವರೆ ಲಕ್ಷ ಅಂದಾಗಲೇ ಅಲ್ಲಿಂದ ಎದ್ದು ಬರ್ಬೇಕಿತ್ತು. ಅಪ್ಪನ ಸಾಲದ ಮೇಲೆ ಇನ್ನೊಂದು ಸಾಲ ಬೇಡ, ದಯವಿಟ್ಟು.

ಹಾಗಾದ್ರೆ ಏನ್ ಮಾಡ್ಬೇಕು. ಮೊದಲು ಫೈಲ್ ಯಾಕೆ ನಿಂತಿದೆ ನೋಡು, ಸುಮ್ನೆ ಕಾಯ್ಬೇಡ. ನಾನು ನೋಡಿದ್ದರಲ್ಲಿ ಹತ್ತಕ್ಕೆ ಆರು ಸಲ ಹೆಸರಿನ ತಕರಾರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಹೆಸರಿನ ಮುಂದೆ ಇನಿಶಿಯಲ್ ಮಾತ್ರ ಇರುತ್ತೆ, ಆಧಾರ್‌ನಲ್ಲಿ ಅಪ್ಪನ ಹೆಸರು ಅಡ್ಡಹೆಸರು ಎಲ್ಲಾ ಬಿಡಿಸಿ ಬರೆದಿರುತ್ತೆ, ಕಾಲೇಜು ಸರ್ಟಿಫಿಕೇಟ್‌ನಲ್ಲಿ ಮೂರನೇ ಥರ. ಮಹಾರಾಷ್ಟ್ರಕ್ಕೆ ಬಂದ್ರೆ ಇಲ್ಲಿ ಅಡ್ಡಹೆಸರಿಲ್ಲದೆ ಫಾರ್ಮೇ ಮುಂದೆ ಹೋಗಲ್ಲ. ಮೂರೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸು, ವ್ಯತ್ಯಾಸ ಇದ್ರೆ ಇವತ್ತೇ ಅಫಿಡವಿಟ್ ಮಾಡಿಸು, ಆಧಾರ್ ತಿದ್ದಿಸೋದಾದ್ರೆ ಎಸ್ಸೆಸ್ಸೆಲ್ಸಿಯಲ್ಲಿ ಇದ್ದ ಹಾಗೆ ತಿದ್ದಿಸು, ಯಾಕಂದ್ರೆ ಮುಂದೆ ಪಾಸ್‌ಪೋರ್ಟ್‌ಗೂ ಅದೇ ತಳಪಾಯ. ಇನ್ನೊಂದು ಕಾರಣ ಕಾಲೇಜು, ನೀನು ಓದಿದ ವರ್ಷಗಳಲ್ಲಿ ನಿನ್ನ ಕಾಲೇಜಿನ ಹೆಸರು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಇತ್ತಾ ಅಂತ ಕಾಲೇಜಿಗೇ ಫೋನ್ ಮಾಡಿ ಕೇಳು. ಇಲ್ಲದಿದ್ರೆ ಬೇರೆ ರಾಜ್ಯಕ್ಕೆ ಹೋಗ್ವಾಗ ತೊಂದ್ರೆ ಆಗುತ್ತೆ, ಅದನ್ನ ಈಗಲೇ ತಿಳ್ಕೊಳ್ಳೋದು ಒಳ್ಳೇದು. ಪ್ರಾವಿಷನಲ್ ಡಿಗ್ರಿ ಸರ್ಟಿಫಿಕೇಟ್ ಬಂದಿಲ್ಲ ಅಂದ್ರೆ ಅದಕ್ಕೂ ಬೆನ್ನು ಹತ್ತು. ಸಾಧ್ಯ ಆದ್ರೆ ಒಂದು ಸಲ ಬೆಂಗಳೂರಿಗೆ ಹೋಗಿ ಕೌನ್ಸಿಲ್ ಆಫೀಸಲ್ಲಿ ಅರ್ಜಿ ನಂಬರ್ ಹಿಡಿದು ಕೇಳು, ಒಬ್ಬಳೇ ಹೋಗ್ಬೇಡ, ಅಣ್ಣನೋ ಅಪ್ಪನೋ ಜೊತೆಗಿರ್ಲಿ, ದಲ್ಲಾಳಿ ಯಾರಾದ್ರೂ ಬಾಗಿಲಲ್ಲಿ ಸಿಕ್ರೆ ಮಾತಾಡಿಸಬೇಡ.

ಕರ್ನಾಟಕದ ನಂಬರ್ ಬಂದ್ಮೇಲೂ ಇಲ್ಲಿ ಕೆಲಸಕ್ಕೆ ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ಹೆಸರು ಬರಬೇಕು, ಅದಕ್ಕೆ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಅಂತಾರೆ, ಕರ್ನಾಟಕದಿಂದ ಎನ್‌ಒಸಿ ಬೇಕಾಗುತ್ತೆ. ಗೋವಾಕ್ಕೆ ಹೋದ್ರೂ ಹೀಗೇ, ಅಲ್ಲಿಂದು ಬೇರೆ ಕೌನ್ಸಿಲ್. ಎನ್‌ಆರ್‌ಟಿಎಸ್ ಅಂತ ದೇಶದ ನರ್ಸ್‌ಗಳ ಆನ್‌ಲೈನ್ ಪಟ್ಟಿ ಇದೆ, ಅದರಲ್ಲಿ ನೋಂದಾಯಿಸಿ ಎನ್‌ಯುಐಡಿ ಅನ್ನೋ ಗುರುತಿನ ನಂಬರ್ ಕೂಡ ಮಾಡಿಸ್ಕೋ. ಇಲ್ಲಿ ಒಂದು ಮಧ್ಯದ ಹಂತ ಇದೆ, ಕರ್ನಾಟಕ ನಂಬರ್ ಕೈಲಿದೆ, ಮಹಾರಾಷ್ಟ್ರಕ್ಕೆ ಅರ್ಜಿ ಹಾಕಿದ ರಸೀದಿ ಇದೆ, ಇಂಥವರನ್ನ ಕೆಲವು ಒಳ್ಳೆ ಆಸ್ಪತ್ರೆಗಳು ಕರ್ಕೊಂಡು ಇಂತಿಷ್ಟು ದಿನದಲ್ಲಿ ಇಲ್ಲಿಯ ನಂಬರ್ ತರ್ತೀನಿ ಅಂತ ಬರೆಸ್ಕೊಳ್ತವೆ. ಇದರಲ್ಲೂ ಅಪಾಯ ಪೂರ್ತಿ ಹೋಗಲ್ಲ, ಆದರೆ ಆಗ ನೀನು ರಿಜಿಸ್ಟರ್ಡ್ ನರ್ಸ್, ನಿನ್ನ ಹೆಸರು ಒಂದು ರಾಜ್ಯದ ಪುಸ್ತಕದಲ್ಲಿದೆ. ಈಗಿರೋ ಸ್ಥಿತಿಗೂ ಅದಕ್ಕೂ ಬಹಳ ಅಂತರ.

ಅಲ್ಲೀತನಕ ಖಾಲಿ ಕೂರೋಕೆ ಆಗಲ್ಲ ಅಂತೀಯ, ಸರಿ. ಆಸ್ಪತ್ರೆಗೇ ಹೋಗೋದಾದ್ರೆ ಸ್ಟಾಫ್ ನರ್ಸ್ ಅಂತ ಬೇಡ, ನರ್ಸಿಂಗ್ ಅಸಿಸ್ಟೆಂಟ್ ಅಥವಾ ಪೇಶೆಂಟ್ ಕೇರ್ ಅಸಿಸ್ಟೆಂಟ್ ಅಂತ ಕಾಗದದಲ್ಲಿ ಬರೆಸ್ಕೊಂಡು ಹೋಗು. ಬಿಪಿ, ಟೆಂಪರೇಚರ್ ನೋಡೋದು, ರೋಗಿಯನ್ನ ಹೊರಳಿಸೋದು, ಮೈ ಒರೆಸೋದು, ಊಟ ಮಾಡಿಸೋದು, ಹಾಸಿಗೆ, ಸ್ಯಾಂಪಲ್ ಒಯ್ಯೋದು, ಇಷ್ಟು ಮಾಡು. ಬಿಎಸ್ಸಿ ಮಾಡಿ ಇದನ್ನ ಮಾಡ್ಬೇಕಾ ಅಂತ ಬೇಜಾರು ಮಾಡ್ಕೋಬೇಡ, ರೋಗಿಯ ಮೈ ಮುಟ್ಟಿ ಮಾಡೋ ಈ ಕೆಲಸದಲ್ಲೇ ಬೆಡ್‌ಸೋರ್ ಮೊದಲು ಕಾಣೋದು, ಉಸಿರಾಟ ಬದಲಾಗಿದ್ದು ಮೊದಲು ಗೊತ್ತಾಗೋದು. ಇಂಜೆಕ್ಷನ್, ಐವಿ, ರಕ್ತ ಹಾಕೋದು, ಬೀಗ ಹಾಕಿಡೋ ಔಷಧಿಗಳ ಪುಸ್ತಕ, ಇವು ಮುಟ್ಟಬೇಡ. ನರ್ಸಸ್ ನೋಟ್ಸ್‌ನಲ್ಲಿ ಸಹಿ ಹಾಕಬೇಡ. ರಾತ್ರಿ ಒಬ್ಬಳೇ ವಾರ್ಡ್ ನೋಡ್ಕೋ ಅಂದ್ರೆ ಆಗಲ್ಲ ಅನ್ನು. ಕಾಗದದಲ್ಲಿ ಅಸಿಸ್ಟೆಂಟ್ ಅಂತ ಬರೆದು ಕೆಲಸದಲ್ಲಿ ಸ್ಟಾಫ್ ಮಾಡೋರೂ ಇದಾರೆ, ಎರಡನೇ ವಾರಕ್ಕೇ ಸಿರಿಂಜ್ ಕೈಗೆ ಕೊಡ್ತಾರೆ, ಸ್ಟಾಫ್ ರಜೆ ಅಂತಾರೆ. ಅವತ್ತು ಇಲ್ಲ ಅನ್ನೋ ಧೈರ್ಯ ಇದ್ರೆ ಮಾತ್ರ ಈ ದಾರಿ, ಇಲ್ಲಾಂದ್ರೆ ಆಸ್ಪತ್ರೆಯಿಂದ ದೂರ ಇರೋದೇ ಒಳ್ಳೇದು. ದೂರ ಇದ್ರೂ ಮಾಡೋಕೆ ಕೆಲಸ ಇದೆ, ಎದೆಬಡಿತ ನಿಂತವರಿಗೆ ತಕ್ಷಣ ಏನ್ ಮಾಡ್ಬೇಕು ಅಂತ ಕಲಿಸೋ ಬಿಎಲ್‌ಎಸ್ ಕೋರ್ಸು ಮಾಡು, ಮರಾಠಿ ಕಲಿ, ಇಲ್ಲಿನ ಅಜ್ಜಿಯರು ಎದೆ ನೋವನ್ನ ಹತ್ತು ಥರ ಹೇಳ್ತಾರೆ, ಒಂದೂ ಪುಸ್ತಕದ ಮರಾಠಿ ಅಲ್ಲ. ಡ್ರಗ್ ಕ್ಯಾಲ್ಕುಲೇಷನ್ ದಿನಾ ಇಪ್ಪತ್ತು ಲೆಕ್ಕ ಮಾಡು, ಒಳ್ಳೆ ಆಸ್ಪತ್ರೆಗಳ ಇಂಟರ್‌ವ್ಯೂನಲ್ಲಿ ಮೊದಲು ಕೇಳೋದೇ ಅದು.

ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಯಾರಿಗೂ ಕೊಡ್ಬೇಡ. ಪರಿಶೀಲನೆಗೆ ತೋರಿಸು, ಅಟೆಸ್ಟೆಡ್ ಜೆರಾಕ್ಸ್ ಕೊಡು, ಒರಿಜಿನಲ್ ವಾಪಸ್ ನಿನ್ನ ಬ್ಯಾಗಿಗೆ. ನಾಳೆ ಕೌನ್ಸಿಲ್‌ನವರು ಒರಿಜಿನಲ್ ತಗೊಂಡು ಬಾ ಅಂದ್ರೆ ನೀನು ನರ್ಸಿಂಗ್ ಹೋಮ್ ಬಾಗಿಲಲ್ಲಿ ಕೈ ಮುಗಿದು ನಿಲ್ಬೇಕಾಗುತ್ತೆ, ಅಂದ್ರೆ ನಿನ್ನ ರಿಜಿಸ್ಟ್ರೇಷನ್ನೇ ಅವರ ಕೈಗೆ ಹೋಯ್ತು, ಅವರಿಗೆ ಬೇಕಾದಷ್ಟು ದಿನ ನೀನು 13 ಸಾವಿರಕ್ಕೇ ಇರ್ತೀಯ. ಬಾಂಡ್ ಪದ್ಧತಿಯನ್ನ ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲೇ ಬೇಡ ಅಂತ ವಿರೋಧಿಸಿದೆ, ಆದರೂ ಕೇಳ್ತಾರೆ, ಅದರ ಜೊತೆ ಖಾಲಿ ಚೆಕ್ ಬೇರೆ ಕೇಳ್ತಾರೆ. ಎರಡಕ್ಕೂ ಸಹಿ ಹಾಕ್ಬೇಡ.

ಸೋಮವಾರ ಅವರಿಗೆ ಫೋನ್ ಮಾಡಿ ಮರ್ಯಾದೆಯಿಂದಲೇ ಹೇಳು, ಸರ್, ನನ್ನ ನಂಬರ್ ಇನ್ನೂ ಬಂದಿಲ್ಲ, ಅಸಿಸ್ಟೆಂಟ್ ಅಂತ ಬರೆದು ಕೊಟ್ಟು ಹಗಲು ಪಾಳಿ ಕೊಟ್ರೆ ಬರ್ತೀನಿ, ನಂಬರ್ ಬಂದ ದಿನ ಸ್ಟಾಫ್ ನರ್ಸ್ ಅಂತ ಹೊಸ ಲೆಟರ್ ಕೊಡಿ, ಸಂಬಳ ಆವಾಗ ಮಾತಾಡೋಣ ಅಂತ. ಒಪ್ಪಿದ್ರೆ ಆ ಲೆಟರ್ ಸಹಿ ಮಾಡೋ ಮುಂಚೆ ನನಗೆ ಕಳಿಸು, ನಿನ್ನ ಹೆಸರು ಮುಚ್ಚಿಯೇ ಕಳಿಸು ಪರವಾಗಿಲ್ಲ, ಒಂದೊಂದು ಸಾಲು ಓದಿ ಎಲ್ಲಿ ಏನು ಬದಲಾಯಿಸಬೇಕು ಅಂತ ಹೇಳ್ತೀನಿ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಆಧಾರಲ್ಲಿ ಹೆಸರು ಹೇಗೆ ಹೇಗೆ ಇದೆ ಅನ್ನೋದನ್ನೂ ಬರಿ, ನನಗೆ ಅನುಮಾನ ಇರೋದು ಅಲ್ಲೇ.